ಕೆಸರು, ಹುಳಿ, ಕೆನೆ

ಆಲಮಟ್ಟಿ ಹಿನ್ನೀರಿನ ಮೀನಿಗೆ ಒಂದಿಷ್ಟು ಮಣ್ಣಿನ ವಾಸನೆ ಇರುತ್ತದೆ. ನಿಡಗುಂದಿಯಲ್ಲಿ ಮೀನು ಬೇಯಿಸುವ ಯಾರಿಗೂ ಇದು ಹೊಸ ಮಾತಲ್ಲ. ಮಸಾಲಿ ಖಾರ, ಹುಣಸಿಹುಳಿ, ಜಜ್ಜಿದ ಬಳ್ಳೊಳ್ಳಿ ಬಿದ್ದ ಸಾರಿನಲ್ಲಿ ಆ ವಾಸನೆ ಸೋತು ಹಿಂದೆ ಸರಿಯುತ್ತದೆ. ಜೋಳದ ರೊಟ್ಟಿ ಮುರಿದು ಅದ್ದಿಕೊಂಡು ತಿನ್ನುವಾಗ ಅದರ ನೆನಪೂ ಆಗುವುದಿಲ್ಲ. ಅದೇ ಮೀನನ್ನು ಬೆಣ್ಣೆ, ಹಾಲು, ಕೆನೆ ಹಾಕಿ ಮಾಡುವ ಸೂಪಿಗೆ ಇಳಿಸಿ ನೋಡಿ. ಮೆತ್ತಗಿನ ರುಚಿಯ ನಡುವೆ ಕೆಸರು ಎದ್ದು ನಿಲ್ಲುತ್ತದೆ. ಸರಿ, ಒಂದಿಷ್ಟು ಹುಳಿ ಹಿಂಡೋಣವೆಂದರೆ ಹಾಲು ಒಡೆಯುತ್ತದೆ. ವಾಸನೆ ಕಳೆಯುವ ವಸ್ತುವೇ ಕೆನೆಯನ್ನು ಕೆಡಿಸುತ್ತದೆ. ಲೂಸಿಯಾನಾದ ಕೇಜನ್ ಶೈಲಿಯ ಮೀನು-ಸಿಗಡಿ ಸೂಪನ್ನು ಕೃಷ್ಣೆಯ ದಂಡೆಯ ಅಡುಗೆಮನೆಯಲ್ಲಿ ಮಾಡಹೊರಟವರು ಬಿಡಿಸಬೇಕಾದ ಗಂಟು ಇದೇ. ಅದನ್ನು ಬಿಡಿಸಲು ಬೇಕಾದ ಸಾಮಾನು ಬಹುಪಾಲು ಇದೇ ಸೀಮೆಯಲ್ಲಿದೆ.

ಕಡಲಿನಿಂದ ಇನ್ನೂರು ಕಿಲೋಮೀಟರಿಗೂ ದೂರದ ಬಯಲುಸೀಮೆಗೆ ಈ ಸೂಪು ಯಾಕೆ ಎಂದು ಕೇಳಬಹುದು. ಮಂಗಳೂರಿಗಿಂತ ನಿಡಗುಂದಿಗೇ ಇದು ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ನಂಬಿಕೆ. ಕೇಜನ್ ಜನರ ಪೂರ್ವಜರು ಫ್ರಾನ್ಸಿನಿಂದ ಬಂದು ಅಕಾಡಿಯಾದಲ್ಲಿ, ಅಂದರೆ ಇಂದಿನ ಕೆನಡಾದ ನೋವಾ ಸ್ಕೋಶಿಯಾ ಸೀಮೆಯಲ್ಲಿ, ನೆಲೆಸಿದ್ದ ಒಕ್ಕಲಿನವರು. 1755ರಿಂದ ಬ್ರಿಟಿಷರು ಅವರನ್ನು ಹೊಲಮನೆಗಳಿಂದ ಎಬ್ಬಿಸಿ ಹಡಗು ಹತ್ತಿಸಿದರು. ಅಲೆದು ಅಲೆದು ಒಂದು ಪಾಲು ಜನ 1760ರ ದಶಕದಲ್ಲಿ ಲೂಸಿಯಾನಾದ ಜವುಗುನೆಲ ಸೇರಿದರು. ಅಲ್ಲಿ ಸಿಕ್ಕಿದ್ದು ಕೆಸರುನೀರಿನ ಕ್ರಾಫಿಶ್, ಕ್ಯಾಟ್‌ಫಿಶ್, ಕೊಲ್ಲಿಯ ಸಿಗಡಿ, ಏಡಿ. ಗೊತ್ತಿರದ ನೀರಿನ ಜೀವಿಗಳನ್ನು ಗೊತ್ತಿದ್ದ ಫ್ರೆಂಚ್ ಪದ್ಧತಿಯಲ್ಲಿ, ಆಫ್ರಿಕನ್ ಮತ್ತು ಮೂಲನಿವಾಸಿ ನೆರೆಯವರಿಂದ ಕಲಿತದ್ದನ್ನೂ ಸೇರಿಸಿ, ಬೇಯಿಸಿಕೊಂಡರು. ಜಿಗುಟಿಗೆ ಬೆಂಡೆಕಾಯಿ ಹಾಕುವುದನ್ನು ಕಲಿತದ್ದು ಆಫ್ರಿಕದಿಂದ ಗುಲಾಮರಾಗಿ ಬಂದವರಿಂದ.

ನಿಡಗುಂದಿಯಿಂದ ಕೆಲವೇ ಕಿಲೋಮೀಟರ್ ದೂರದ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. ಈ ನಾಲ್ಕು ದಶಕಗಳಲ್ಲಿ ಎಷ್ಟೋ ಹಳ್ಳಿಗಳು ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು. ಹಳೆ ಬಾಗಲಕೋಟೆಯ ಓಣಿಗಳು ಮುಳುಗಿ ನವನಗರ ಎದ್ದಿತು. ಜೋಳ, ತೊಗರಿ, ಕುಸುಬಿ ಬೆಳೆಯುತ್ತಿದ್ದ ಎರೆಹೊಲದ ಮೇಲೆ ಇಂದು ಮೀನು ಈಜುತ್ತದೆ. ನೆಲ ಕಳೆದುಕೊಂಡವರ ಮುಂದೆ ಹೊಸ ನೀರು ಬಂದು ನಿಂತಾಗ ಅಡುಗೆಮನೆಯೂ ಬದಲಾಗಲೇಬೇಕಾಗುತ್ತದೆ. ಲೂಸಿಯಾನಾದ ಅಡುಗೆ ನಮಗೆ ದೂರದ್ದಾಗಿ ಕಾಣದಿರುವುದು ಈ ಕಾರಣಕ್ಕೆ.

ಇನ್ನು ಕೆಸರಿನ ಮಾತು. ಮುಂಗಾರಿನ ಮೊದಲ ಹನಿ ಕಾದ ಎರೆಮಣ್ಣಿಗೆ ಬಿದ್ದಾಗ ಏಳುವ ಪರಿಮಳಕ್ಕೆ ಹಿಗ್ಗದವರಿಲ್ಲ. ಆಲಮಟ್ಟಿಗೆ ಅಡಿಗಲ್ಲು ಬಿದ್ದ 1964ರಲ್ಲೇ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಇಬ್ಬರು ಆಸ್ಟ್ರೇಲಿಯಾದ ವಿಜ್ಞಾನಿಗಳು ಈ ಪರಿಮಳದ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಮರುವರ್ಷ ನ್ಯಾನ್ಸಿ ಗರ್ಬರ್ ಮತ್ತು ಹ್ಯೂಬರ್ಟ್ ಲೆಶವಾಲಿಯೇ ಅದರ ಒಂದು ಮುಖ್ಯ ಅಣುವನ್ನು ಬೇರ್ಪಡಿಸಿ ಜಿಯೋಸ್ಮಿನ್ ಎಂದು ಕರೆದರು. ಮಣ್ಣಿನಲ್ಲಿ ಇದನ್ನು ತಯಾರಿಸುವುದು ಸ್ಟ್ರೆಪ್ಟೋಮೈಸಿಸ್ ಎಂಬ ಬ್ಯಾಕ್ಟೀರಿಯಾ. ನಿಂತ ನೀರಿನಲ್ಲಿ ಹಸಿರುನೀಲಿ ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ. ನೀರಿಳಿದು ಬಿಸಿಯೇರಿ ಪಾಚಿ ಹಬ್ಬಿದಷ್ಟೂ ಜಿಯೋಸ್ಮಿನ್ ಹೆಚ್ಚುತ್ತದೆ. ಮೀನು ಉಸಿರಾಡುವಾಗ ಅದು ಕಿವಿರುಗಳ ಮೂಲಕ ರಕ್ತಕ್ಕೆ ಸೇರುತ್ತದೆ. ನೀರಿಗಿಂತ ಕೊಬ್ಬನ್ನು ಇಷ್ಟಪಡುವ ಅಣು ಅದು; ಹಾಗಾಗಿ ಚರ್ಮದ ಕೆಳಗೆ, ಹೊಟ್ಟೆಯ ಪದರದಲ್ಲಿ, ಪಕ್ಕೆಯುದ್ದಕ್ಕೂ ಇರುವ ಕಂದು ಮಾಂಸದಲ್ಲಿ ಹೋಗಿ ಕೂರುತ್ತದೆ. ಮಳೆಯ ದಿನ ನಮ್ಮನ್ನು ಹಿಗ್ಗಿಸಿದ ಅಣುವೇ ತಟ್ಟೆಯಲ್ಲಿ ಮುಖ ಕಿವಿಚಿಸುತ್ತದೆ.

ಮನುಷ್ಯನ ಮೂಗು ಈ ಅಣುವಿನ ವಿಷಯದಲ್ಲಿ ಎಷ್ಟು ಸೂಕ್ಷ್ಮವೆಂದರೆ ಒಂದು ಲೀಟರ್ ನೀರಿನಲ್ಲಿ 10 ನ್ಯಾನೋಗ್ರಾಂ ಇದ್ದರೆ ಸಾಕು, ಅನೇಕರಿಗೆ ಗೊತ್ತಾಗುತ್ತದೆ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಲೆಕ್ಕ ಹಾಕೋಣ. ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿ ನಿಂತಾಗ ಅದರಲ್ಲಿರುವ ನೀರು ಸುಮಾರು 123 ಟಿಎಂಸಿ, ಅಂದರೆ ಸುಮಾರು ಮೂರೂವರೆ ಲಕ್ಷ ಕೋಟಿ ಲೀಟರ್. ಅಷ್ಟೂ ನೀರಿಗೆ ಮಣ್ಣಿನ ವಾಸನೆ ಬರಿಸಲು ಬೇಕಾಗುವ ಜಿಯೋಸ್ಮಿನ್ ಬರೀ 35 ಕಿಲೋ. ಒಂದು ಸಣ್ಣ ಚೀಲ! ಜಿಯೋಸ್ಮಿನ್ ತಿಂದರೆ ಯಾವ ಅಪಾಯವೂ ಇಲ್ಲ. ಆದರೂ ಅಮೆರಿಕದ ಮಿಸಿಸಿಪಿ ಕಡೆಯ ಕ್ಯಾಟ್‌ಫಿಶ್ ಸಾಕಣೆಗಾರರು ದಶಕಗಳಿಂದ ತಲೆ ಕೆಡಿಸಿಕೊಂಡಿರುವುದು ಇದೇ ವಾಸನೆಗೆ: ಕೊಳದ ಮೀನನ್ನು ಮೊದಲು ಬೇಯಿಸಿ ರುಚಿ ನೋಡುತ್ತಾರೆ, ಕೆಸರು ಬಡಿದರೆ ಆ ಕೊಳಕ್ಕೆ ಬಲೆ ಹಾಕುವುದನ್ನು ಮುಂದೂಡುತ್ತಾರೆ.

ಸಮುದ್ರದ ಮೀನಿನ ನಾತ ಬೇರೆ ಜಾತಿಯದು. ಉಪ್ಪುನೀರನ್ನು ತಾಳಿಕೊಳ್ಳಲು ಆ ಮೀನುಗಳು ಮೈಯಲ್ಲಿಟ್ಟುಕೊಳ್ಳುವ ಒಂದು ವಸ್ತು, ಸತ್ತ ಮೇಲೆ ಟ್ರೈಮೀಥೈಲಮೀನ್ ಆಗಿ ಒಡೆದು ನಾರುತ್ತದೆ. ನಿಂಬೆರಸ ಅದನ್ನು ಹಾರದಂತೆ ಕಟ್ಟಿಹಾಕುತ್ತದೆ. ಸಿಹಿನೀರಿನ ಮೀನಿನಲ್ಲಿ ಆ ವಸ್ತು ಅತ್ಯಲ್ಪ. ಆದರೂ ಕೃಷ್ಣೆಯ ದಂಡೆಯವರು ಮೀನಿಗೆ ಹುಳಿ ಹಚ್ಚುವುದನ್ನು ಬಿಟ್ಟಿಲ್ಲ, ಮತ್ತು ಅದಕ್ಕೆ ಬೇರೆಯೇ ಆದ ಒಳ್ಳೆಯ ಕಾರಣವಿದೆ. ಆಮ್ಲ ತಗುಲಿದರೆ ಜಿಯೋಸ್ಮಿನ್ ಅಣುವಿನಿಂದ ಒಂದು ನೀರಿನ ಅಣು ಕಳಚಿಕೊಂಡು, ಉಳಿದದ್ದು ಆರ್ಗಾಸ್ಮಿನ್ ಎಂಬ ವಾಸನೆಯಿಲ್ಲದ ವಸ್ತುವಾಗುತ್ತದೆ. ಪ್ರಯೋಗಾಲಯದ ಪ್ರಬಲ ಆಮ್ಲದಲ್ಲಿ ಇದು ಬೇಗ ಆಗುವ ಕೆಲಸ. ಹುಣಸೆಯ ಟಾರ್ಟಾರಿಕ್ ಆಮ್ಲ ಅಷ್ಟು ಬಲಶಾಲಿಯಲ್ಲ. ಅದಕ್ಕೇ ಅಡುಗೆಯವರು ಹುಳಿಗೆ ಇನ್ನೂ ಮೂರು ಜೊತೆಗಾರರನ್ನು ಕೊಡಬೇಕು. ಚರ್ಮ ಸುಲಿಯುವುದು, ಕಂದು ಮಾಂಸ ಮತ್ತು ಹೊಟ್ಟೆಯ ಕೊಬ್ಬನ್ನು ಕೊಯ್ದು ತೆಗೆಯುವುದು, ಮತ್ತು ಹುಳಿ ಹಚ್ಚಿದ ಮೇಲೆ ಕಾಯುವ ಸಮಯ. ಉಪ್ಪು ಹಾಕಿ ತಿಕ್ಕಿ ತೊಳೆದರೆ ಮೈಮೇಲಿನ ಲೋಳೆಯ ಜೊತೆ ಒಂದಷ್ಟು ವಾಸನೆ ಹಾಗೆಯೇ ಹೋಗುತ್ತದೆ. ಮೀನು ಜೀವಂತ ಸಿಕ್ಕಿದರೆ ಅದನ್ನು ಕೆಲವು ದಿನ ಶುದ್ಧ ನೀರಿನ ತೊಟ್ಟಿಯಲ್ಲಿಡುವುದು ಎಲ್ಲಕ್ಕಿಂತ ಉತ್ತಮ. ಒಳಗೆ ಬಂದ ದಾರಿಯಲ್ಲೇ ಜಿಯೋಸ್ಮಿನ್ ಹೊರಗೆ ಹೋಗುತ್ತದೆ.

ಹೀಗೆ ಹುಳಿ ತನ್ನ ಕೆಲಸ ಮುಗಿಸಿತು ಎನ್ನಿ. ಈಗ ಅದೇ ಹುಳಿ ಪಾತ್ರೆಯೊಳಗೆ ಉಳಿಯಬಾರದು. ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನು ಸಣ್ಣ ಸಣ್ಣ ಗುಳಿಗೆಗಳಾಗಿ ತೇಲುತ್ತಿರುತ್ತದೆ. ಎಲ್ಲ ಗುಳಿಗೆಗಳ ಮೈಮೇಲೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತ ದೂರ ಉಳಿಯುತ್ತವೆ. ಹಾಲಿನ ಪಿಎಚ್ ಸುಮಾರು 6.7. ಹುಳಿ ಬಿದ್ದು ಅದು 4.6ರ ಹತ್ತಿರ ಇಳಿದರೆ ಆ ವಿದ್ಯುದಂಶ ಅಳಿದು ಗುಳಿಗೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಲು ಕುದಿಯುತ್ತಿದ್ದರೆ ಅಷ್ಟು ಇಳಿಯುವವರೆಗೂ ಕಾಯುವುದಿಲ್ಲ, ಮೊದಲೇ ಒಡೆಯುತ್ತದೆ. ಕೆನೆಗೆ ಈ ಭಯ ಕಡಿಮೆ, ಯಾಕೆಂದರೆ ಕೊಬ್ಬು ಹೆಚ್ಚಾದಷ್ಟೂ ಕೇಸಿನ್ ಕಡಿಮೆ. ಅಮೆರಿಕದ ಅಡುಗೆಯವರು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕೊಬ್ಬಿರುವ ದಪ್ಪ ಕೆನೆಯನ್ನು ಧೈರ್ಯವಾಗಿ ಕುದಿಸುವುದು ಈ ಬಲದಿಂದ. ಅಂಥ ಕೆನೆ ನಿಡಗುಂದಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಪಕ್ಕದ ಊರಿನಲ್ಲಿ ಅದಕ್ಕಿಂತ ಒಳ್ಳೆಯದು ಸಿಗುತ್ತದೆ ಎಂದು ನಾನು ವಾದಿಸುತ್ತೇನೆ: ಕೊಲ್ಹಾರದ ಮೊಸರು.

ಕೃಷ್ಣೆಯ ದಂಡೆಯ ಕೊಲ್ಹಾರದಲ್ಲಿ ಎಮ್ಮೆಹಾಲನ್ನು ಚೆನ್ನಾಗಿ ಕಾಯಿಸಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕುತ್ತಾರೆ. ಎಮ್ಮೆಹಾಲಿನಲ್ಲಿ ಕೊಬ್ಬು ಶೇಕಡಾ 6ರಿಂದ 8. ಆಕಳ ಹಾಲಿನ ಹೆಚ್ಚುಕಡಿಮೆ ಎರಡು ಪಟ್ಟು. ಕೇಸಿನ್ ಕೂಡ ಹೆಚ್ಚು. ಹಾಲು ಕಾಯುವಾಗ ನೀರು ಆರುತ್ತದೆ, ಹೆಪ್ಪಾಗುವಾಗ ಗಡಿಗೆಯ ರಂಧ್ರಗಳು ಇನ್ನಷ್ಟು ನೀರನ್ನು ಹೀರಿಕೊಳ್ಳುತ್ತವೆ. ಉಳಿಯುವುದು ಗಟ್ಟಿ ಮೊಸರು. ಅದರಲ್ಲಿ ಕೇಸಿನ್ ಆಗಲೇ ಹುಳಿಗೆ ಸಿಕ್ಕಿ ಬಲೆ ಕಟ್ಟಿಕೊಂಡಿದೆ, ಅಂದರೆ ಹುಳಿ-ಹಾಲುಗಳ ಜಗಳ ಪಾತ್ರೆಗೆ ಬರುವ ಮೊದಲೇ ಮುಗಿದಿದೆ. ಉಳಿದ ಅಪಾಯ ಒಂದೇ: ಬಿಸಿಗೆ ಆ ಬಲೆ ಮುದುಡಿ ನೀರನ್ನು ಹಿಂಡಿಬಿಡುತ್ತದೆ, ಸೂಪಿನಲ್ಲಿ ಬಿಳಿ ಹರಳುಗಳು ತೇಲುತ್ತವೆ. ಇದಕ್ಕೆ ಮದ್ದನ್ನು ನಮ್ಮ ಹೆಣ್ಣುಮಕ್ಕಳು ಎಂದೋ ಕಂಡುಕೊಂಡಿದ್ದಾರೆ. ಮಜ್ಜಿಗೆ ಸಾರಿಗೆ ಕಡಲೆಹಿಟ್ಟು ಕಲಸುವುದು, ಅಂಬಲಿಯಲ್ಲಿ ಜೋಳದ ಹಿಟ್ಟು ಬೇಯಿಸಿ ಮಜ್ಜಿಗೆ ಬೆರೆಸುವುದು, ಎರಡರ ಹಿಂದೆಯೂ ಒಂದೇ ತಂತ್ರವಿದೆ. ಉಬ್ಬಿದ ಪಿಷ್ಟ ಕೇಸಿನ್ ತುಣುಕುಗಳ ನಡುವೆ ಅಡ್ಡ ನಿಂತು ಅವು ಗುಂಪುಗೂಡದಂತೆ ನೋಡಿಕೊಳ್ಳುತ್ತದೆ. ಹಿಟ್ಟಿನ ಗಂಜಿಗೆ ಮಜ್ಜಿಗೆ ಬೆರೆಸಿದ ಅಂಬಲಿಯನ್ನು ಬಲ್ಲವರಿಗೆ ಕೆನೆಸೂಪಿನ ಅಡಿಪಾಯ ಹೊಸದಾಗಿ ಕಲಿಯಬೇಕಾದದ್ದೇನಲ್ಲ.

ಲೂಸಿಯಾನಾದಲ್ಲಿ ಆ ಪಿಷ್ಟ ಬರುವುದು ‘ರೂ’ದಿಂದ: ಕೊಬ್ಬಿನಲ್ಲಿ ಗೋಧಿಹಿಟ್ಟನ್ನು ಹುರಿದ ಮಿಶ್ರಣ. ಹುರಿದಷ್ಟೂ ಪರಿಮಳ ಏರುತ್ತದೆ. ಪ್ರೋಟೀನು ಮತ್ತು ಸಕ್ಕರೆ ಬಿಸಿಯಲ್ಲಿ ಕೂಡಿ ಕಂದಾಗುವ ಈ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ವಿವರಿಸಿದರು. ಆದರೆ ಹುರಿದಷ್ಟೂ ಪಿಷ್ಟದ ಸರಪಳಿಗಳು ತುಂಡಾಗಿ ಗಟ್ಟಿಯಾಗಿಸುವ ಶಕ್ತಿ ಕುಗ್ಗುತ್ತದೆ. ಗಂಬೋ ಎಂಬ ಕೇಜನ್ ಸಾರಿಗೆ ಚಾಕೊಲೇಟ್ ಬಣ್ಣದ ರೂ ಬೇಕು, ಕೆನೆಸೂಪಿಗೆ ನಸುಹೊಂಬಣ್ಣ ಸಾಕು. ಇಲ್ಲಿ ಜೋಳದ ಹಿಟ್ಟು ನಡೆಯುತ್ತದೆಯೇ? ನಡೆಯುತ್ತದೆ, ಆದರೆ ತಾಳ್ಮೆ ಬೇಕು. ಗೋಧಿಯ ಪಿಷ್ಟ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬಲಾರಂಭಿಸಿದರೆ ಜೋಳದ್ದು ಸುಮಾರು 70ರ ಹತ್ತಿರ. ಅದರ ಪಿಷ್ಟದ ಕಣಗಳ ಸುತ್ತ ನೀರಿಗೆ ಜಗ್ಗದ ಪ್ರೋಟೀನಿನ ಗೂಡು ಬೇರೆ. ಜೊತೆಗೆ ಗಿರಣಿಯ ಹಿಟ್ಟು ತರಿ. ಸುಮಾರು 30 ಮೈಕ್ರಾನ್‌ಗಿಂತ ದಪ್ಪ ಕಣವನ್ನು ನಾಲಿಗೆ ಮರಳೆಂದೇ ಗುರುತಿಸುತ್ತದೆ. ಕೆನೆಯ ಕೊಬ್ಬಿನ ಹನಿಗಳು ಅದಕ್ಕಿಂತ ಎಷ್ಟೋ ಚಿಕ್ಕವಾದ್ದರಿಂದಲೇ ನುಣುಪು ಅನ್ನಿಸುವುದು. ಹಾಗಾಗಿ ಬಿಳಿಜೋಳದ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ತುಪ್ಪದಲ್ಲಿ ಹುರಿದು, ಇಪ್ಪತ್ತು ನಿಮಿಷವಾದರೂ ಕುದಿಸಬೇಕು. ಬಿಜಾಪುರ ಸೀಮೆಯ ಹಿಂಗಾರಿ ಜೋಳ ತುಪ್ಪದಲ್ಲಿ ಹುರಿದಾಗ ಕೊಡುವ ಘಮ ಮೈದಾಹಿಟ್ಟಿಗೆ ಎಂದೂ ಬರುವುದಿಲ್ಲ. ನನ್ನ ಆಯ್ಕೆ ಅದೇ.

ಮೀನು ಯಾವುದು? ಹಿನ್ನೀರಿನಲ್ಲಿ ಸಿಗುವ ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಬಯಲಿನ ಗೆಂಡೆಗಳು. ಇವು ಹರಿಯುವ ಪ್ರವಾಹದಲ್ಲಿ ಮೊಟ್ಟೆಯಿಡುತ್ತವೆ, ನಿಂತ ನೀರಿನಲ್ಲಿ ಇಡುವುದಿಲ್ಲ. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಗೆ ಮೊಟ್ಟೆಯಿಡಿಸಿದ ಮೇಲಷ್ಟೇ ದೇಶದ ಕೆರೆ-ಜಲಾಶಯಗಳಿಗೆ ಬೇಕಾದಷ್ಟು ಮೀನುಮರಿ ಬಿತ್ತಲು ಸಾಧ್ಯವಾಯಿತು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ತಿಲಾಪಿಯಾ ಆಫ್ರಿಕದ್ದು, 1952ರಲ್ಲಿ ಭಾರತಕ್ಕೆ ಬಂತು. ಗೆಂಡೆಗಳ ಮಾಂಸದ ಪದರಗಳ ನಡುವೆ ಕವಲೊಡೆದ ಸಣ್ಣ ಮುಳ್ಳುಗಳು ಹುದುಗಿರುತ್ತವೆ. ಚಮಚದಲ್ಲಿ ಕುಡಿಯುವ ಸೂಪಿನಲ್ಲಿ ಅವು ಅಪಾಯ. ತಿಲಾಪಿಯಾದಲ್ಲಿ ಅಂಥ ಮುಳ್ಳಿಲ್ಲ. ಆದ್ದರಿಂದ ತುಂಡಿಗೆ ತಿಲಾಪಿಯಾ, ರಸಕ್ಕೆ ಕಾಟ್ಲಾದ ದೊಡ್ಡ ತಲೆ.

ತಲೆಯಲ್ಲಿ ಕೊಲಾಜನ್ ಸಮೃದ್ಧ. ಬೆಂದಾಗ ಅದು ಜೆಲಾಟಿನ್ ಆಗಿ ರಸಕ್ಕೆ ಮೈ ಕೊಡುತ್ತದೆ. ಇಲ್ಲಿ ನಮಗೆ ಬಿಸಿಲುನಾಡಿನವರಾದ ಲಾಭವೊಂದಿದೆ: ಬೆಚ್ಚಗಿನ ನೀರಿನ ಮೀನಿನ ಕೊಲಾಜನ್ ಹೆಚ್ಚು ಬಿಗಿಯಾದ ರಚನೆಯದು, ಅದರ ಜೆಲಾಟಿನ್ ಅಟ್ಲಾಂಟಿಕ್‌ನ ಕಾಡ್ ಮೀನಿನದಕ್ಕಿಂತ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಕಿವಿರುಗಳನ್ನು ಮಾತ್ರ ಪೂರ್ತಿ ಕಿತ್ತು ಎಸೆಯಬೇಕು. ರಸ ಆರಿದ ಮೇಲೆ ಮೇಲೆ ತೇಲುವ ಎಣ್ಣೆಯನ್ನೂ ಸೌಟಿನಿಂದ ತೆಗೆಯಬೇಕು, ಏಕೆಂದರೆ ತಲೆಯಲ್ಲಿದ್ದ ಜಿಯೋಸ್ಮಿನ್ ಆ ಎಣ್ಣೆಯಲ್ಲೇ ಕರಗಿರುತ್ತದೆ.

ಸಿಗಡಿಯ ವಿಷಯಕ್ಕೆ ಬಂದರೆ ಅಣೆಕಟ್ಟುಗಳ ಕಥೆ ಮತ್ತೆ ಎದುರಾಗುತ್ತದೆ. ಕೃಷ್ಣಾ-ಗೋದಾವರಿಗಳಿಗೆ ಸೇರಿದ ದೊಡ್ಡ ನದಿಸಿಗಡಿಯೊಂದಿದೆ, ಮ್ಯಾಕ್ರೋಬ್ರೇಕಿಯಮ್ ಮಾಲ್ಕಮ್‌ಸೋನಿ ಎಂದು ಅದರ ವೈಜ್ಞಾನಿಕ ಹೆಸರು. ಬೆಳೆದ ಸಿಗಡಿ ಸಿಹಿನೀರಿನಲ್ಲಿ ಬಾಳುತ್ತದೆ, ಮರಿಗಳಿಗೆ ಮಾತ್ರ ಅಳಿವೆಯ ಉಪ್ಪು ಬೆರೆತ ನೀರು ಬೇಕು. ಅಳಿವೆಯಲ್ಲಿ ಬೆಳೆದ ಮರಿಗಳು ದಂಡೆಯಗುಂಟ ತೆವಳುತ್ತ, ಈಜುತ್ತ ಹೊಳೆಯ ಮೇಲಕ್ಕೆ ಬರುತ್ತವೆ. ನಾಗಾರ್ಜುನಸಾಗರ, ಶ್ರೀಶೈಲ, ಜುರಾಲಾ, ನಾರಾಯಣಪುರ ಒಂದರ ಹಿಂದೊಂದು ಎದ್ದ ಮೇಲೆ ಸಮುದ್ರದಿಂದ ನಿಡಗುಂದಿಯವರೆಗೆ ಸಿಗಡಿಗೆ ದಾರಿಯೇ ಇಲ್ಲ. ನೀರಾವರಿಗೆ ನಾವು ತೆತ್ತ ಬೆಲೆಯ ಪಟ್ಟಿಯಲ್ಲಿ ಈ ಪುಟ್ಟ ಪಯಣಿಗನ ಹೆಸರನ್ನು ಯಾರೂ ಬರೆದಿಟ್ಟಿಲ್ಲವೆಂಬುದು ನನಗೆ ನೋವಿನ ಸಂಗತಿ. ಇಂದು ಪೇಟೆಗಳಲ್ಲಿ ಹಿಮಗಟ್ಟಿಸಿ ಮಾರುವ ಸಿಗಡಿ ಹೆಚ್ಚಾಗಿ ವನ್ನಾಮೈ, ಅಮೆರಿಕ ಖಂಡಗಳ ಪೆಸಿಫಿಕ್ ತೀರದ ತಳಿ. ಅದನ್ನು ದೇಶದಲ್ಲೇ ಅತಿ ಹೆಚ್ಚು ಬೆಳೆಸುವುದು ಆಂಧ್ರದ ಕರಾವಳಿ. ಇದೇ ಕೃಷ್ಣೆ ಸಮುದ್ರ ಸೇರುವ ಮುಖಜಭೂಮಿಯೂ ಅದರೊಳಗಿದೆ.

ಸಿಗಡಿಯನ್ನು ಸಿಪ್ಪೆಸಮೇತವೇ ಕೊಳ್ಳಿ. ಸಿಪ್ಪೆಯಲ್ಲಿ ಆಸ್ಟಜಾಂಥಿನ್ ಎಂಬ ಕೆಂಪು ವರ್ಣದ್ರವ್ಯವಿದೆ. ಸಿಗಡಿ ಬದುಕಿರುವಾಗ ಒಂದು ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದು ನೀಲಿಬೂದು ಬಣ್ಣದ್ದಾಗಿ ತೋರಿಸುತ್ತದೆ. ಬಿಸಿಗೆ ಆ ಹಿಡಿತ ಸಡಿಲಿ ಕೆಂಪು ಹೊರಬೀಳುತ್ತದೆ. ಅದು ಕರಗುವುದು ಕೊಬ್ಬಿನಲ್ಲಿ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವೂ ಅದೇ ಕುಟುಂಬದ್ದು, ಅದೂ ಕೊಬ್ಬಿನಲ್ಲೇ ಕರಗುತ್ತದೆ. ಕೇಜನ್ ಅಡುಗೆಯ ಪಾಪ್ರಿಕಾದ ಬದಲು ಬಣ್ಣ ಹೆಚ್ಚು, ಖಾರ ಕಡಿಮೆಯ ಬ್ಯಾಡಗಿಗಿಂತ ಒಳ್ಳೆಯದನ್ನು ನಾನು ಕಾಣೆ.

ನಾಲ್ಕು ಜನರಿಗೆ ಮಾಡುವ ಲೆಕ್ಕ ಹೀಗೆ. ಅರ್ಧ ಕಿಲೋ ತಿಲಾಪಿಯಾ ತುಂಡುಗಳಿಗೆ ಚರ್ಮ ಸುಲಿದು, ಉಪ್ಪು, ಅರಿಸಿನ, ಗಟ್ಟಿ ಹುಣಸೆರಸ ಹಚ್ಚಿ ಅರ್ಧ ತಾಸು ಬಿಡಿ. ಆಮೇಲೆ ತೊಳೆದು ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಕಾಟ್ಲಾ ತಲೆಗೂ ಇದೇ ಉಪಚಾರ. ಒಂದೂಕಾಲು ಲೀಟರ್ ನೀರಿನಲ್ಲಿ ಆ ತಲೆ, ಕೊತ್ತಂಬರಿ ದಂಟು, ಒಂದು ತುಂಡು ಶುಂಠಿ ಹಾಕಿ ಅರ್ಧ ತಾಸು ಸಣ್ಣಗೆ ಕುದಿಸಿ ಸೋಸಿ. ಜೋರಾಗಿ ಕುದಿಸಿದರೆ ಕೊಬ್ಬು ಒಡೆದು ರಸದಲ್ಲಿ ಬೆರೆತುಹೋಗುತ್ತದೆ, ಮೇಲಿಂದ ತೆಗೆಯಲು ಬರುವುದಿಲ್ಲ.

ದಪ್ಪ ತಳದ ಪಾತ್ರೆಯಲ್ಲಿ 50 ಗ್ರಾಂ ತುಪ್ಪ ಕಾಯಿಸಿ ಕಾಲು ಕಿಲೋ ಸಿಗಡಿಯ ಸಿಪ್ಪೆಗಳನ್ನೂ ಬೀಜ ತೆಗೆದ ನಾಲ್ಕು ಬ್ಯಾಡಗಿಯನ್ನೂ ಸಣ್ಣ ಉರಿಯಲ್ಲಿ ಬಾಡಿಸಿ. ತುಪ್ಪ ಕೆಂಪಾದ ಮೇಲೆ ಸೋಸಿ ಸಿಪ್ಪೆ ಎಸೆಯಿರಿ. ಆ ತುಪ್ಪದಲ್ಲಿ 50 ಗ್ರಾಂ ಜರಡಿ ಹಿಡಿದ ಜೋಳದ ಹಿಟ್ಟನ್ನು ಘಮ ಬರುವವರೆಗೆ ಹುರಿಯಿರಿ. ಲೂಸಿಯಾನಾದವರು ಇಲ್ಲಿ ಹಾಕುವ ಮೂರು ತರಕಾರಿ ಉಳ್ಳಾಗಡ್ಡಿ, ದೊಣ್ಣಮೆಣಸಿನಕಾಯಿ, ಸೆಲರಿ. ಸೆಲರಿ ಸಿಗದಿದ್ದರೆ ಅದೇ ಸಸ್ಯಕುಟುಂಬದ ಕೊತ್ತಂಬರಿ ದಂಟನ್ನು ಸಣ್ಣಗೆ ಹೆಚ್ಚಿ, ಚಿಟಿಕೆ ಅಜವಾನ ಸೇರಿಸಿ. ತರಕಾರಿ ಬಿದ್ದೊಡನೆ ಅದರ ನೀರು ಹಿಟ್ಟಿನ ಬಿಸಿಯನ್ನು ತಗ್ಗಿಸಿ ಸೀಯುವುದನ್ನು ತಡೆಯುತ್ತದೆ. ಬಳ್ಳೊಳ್ಳಿ, ಕಾಳುಮೆಣಸು ಹಾಕಿ, ರಸವನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಕದಡಿ, ಜೋಳದ ಪಿಷ್ಟಕ್ಕೆ ಬೇಕಾದ ಇಪ್ಪತ್ತು ನಿಮಿಷ ಕೊಡಿ.

ಅಷ್ಟರಲ್ಲಿ ಒಂದು ಬಟ್ಟಲು ಕೊಲ್ಹಾರದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಒಂದು ಚಮಚ ಜೋಳದ ಹಿಟ್ಟಿನೊಡನೆ ಗಂಟಿಲ್ಲದಂತೆ ಕಡೆಯಿರಿ. ಎರಡು ಸೌಟು ಬಿಸಿ ಸೂಪನ್ನು ಮೊಸರಿಗೆ ಬೆರೆಸಿ ಅದನ್ನು ಬೆಚ್ಚಗಾಗಿಸಿ, ಆಮೇಲೆ ಪಾತ್ರೆಗೆ ಸುರಿದು ಒಂದೇ ದಿಕ್ಕಿಗೆ ತಿರುವುತ್ತ ಹಬೆಯಾಡುವವರೆಗೆ ಕಾಯಿಸಿ, ಕುದಿಯುವ ಮೊದಲೇ ಉರಿ ತಗ್ಗಿಸಿ. ಮೀನು, ಸಿಗಡಿ ಬೀಳುವುದು ಎಲ್ಲಕ್ಕೂ ಕೊನೆಗೆ. ಮೀನಿನ ಸ್ನಾಯುವಿಗೆ 60-65 ಡಿಗ್ರಿ ಸಾಕು. ಅದನ್ನು ದಾಟಿ ಬಹಳ ಹೊತ್ತು ಬಿಟ್ಟರೆ ಎಳೆಗಳು ಮುದುಡಿ ತಮ್ಮ ರಸವನ್ನು ಹೊರಗೆ ಹಿಂಡುತ್ತವೆ, ಸಿಗಡಿ ರಬ್ಬರಾಗುತ್ತದೆ. ನಾಲ್ಕೈದು ನಿಮಿಷದಲ್ಲಿ ಮೀನು ಬೆಳ್ಳಗಾಗಿ ಪದರ ಬಿಡುತ್ತದೆ, ಸಿಗಡಿ ಕೆಂಪಾಗಿ ಸುರುಳಿಯಾಗುತ್ತದೆ. ಆಗ ಇಳಿಸಿ. ಉಪ್ಪು ನೋಡುವುದು ಈ ಹಂತದಲ್ಲೇ, ಏಕೆಂದರೆ ಹುಳಿ ಹಚ್ಚುವಾಗ ಹಾಕಿದ ಉಪ್ಪಿನ ಒಂದು ಪಾಲು ತುಂಡಿನೊಳಗೆ ಉಳಿದಿರುತ್ತದೆ. ಕಟಕ ರೊಟ್ಟಿಯನ್ನು ಮುರಿದು ಮೇಲೆ ಉದುರಿಸಿಕೊಂಡರೆ ಅಮೆರಿಕದವರು ಪಕ್ಕಕ್ಕಿಟ್ಟುಕೊಳ್ಳುವ ಬ್ರೆಡ್ಡಿನ ಅಗತ್ಯ ಬೀಳುವುದಿಲ್ಲ.

ಮಿಕ್ಕಿದ್ದನ್ನು ನಮ್ಮ ಬಿಸಿಲಿನಲ್ಲಿ ಒಂದು ತಾಸಿಗಿಂತ ಹೆಚ್ಚು ಹೊರಗೆ ಬಿಡುವಂತಿಲ್ಲ. ಫ್ರಿಜ್ಜಿನಲ್ಲಿ ಜೆಲಾಟಿನ್ ಹೆಪ್ಪುಗಟ್ಟಿ, ಪಿಷ್ಟದ ಎಳೆಗಳು ಮತ್ತೆ ಒತ್ತೊತ್ತಾಗಿ ಜೋಡಿಸಿಕೊಂಡು, ಮರುದಿನ ಸೂಪು ಮುದ್ದೆಯಂತೆ ಗಟ್ಟಿಯಾಗಿರುತ್ತದೆ. ಕಾದ ರಸವೋ ನೀರೋ ಅರ್ಧ ಬಟ್ಟಲು ಬೆರೆಸಿ, ತಿರುವುತ್ತಲೇ ಸಣ್ಣ ಉರಿಯಲ್ಲಿ ಚೆನ್ನಾಗಿ ಹಬೆ ಏಳುವವರೆಗೆ ಬಿಸಿ ಮಾಡಿದರೆ ಸಡಿಲಾಗುತ್ತದೆ. ಮೀನಿನ ತುಂಡು ಎರಡನೆಯ ಬಿಸಿಗೆ ಗಡುಸಾಗುವುದರಿಂದ, ಮರುದಿನಕ್ಕೂ ಬೇಕೆನ್ನುವವರು ಮೊಸರು ಬೆರೆಸುವ ಮೊದಲೇ ಅರ್ಧ ಪಾಲು ರಸವನ್ನು ತೆಗೆದು ಬೇರೆ ಇಡಲಿ. ಹುಳಿ ಹಚ್ಚಿ ತೊಳೆದ ಹಸಿ ತುಂಡುಗಳನ್ನು ಫ್ರೀಜರಿನಲ್ಲಿಟ್ಟು, ಉಣ್ಣುವ ಹೊತ್ತಿಗೆ ಬೇಯಿಸಲಿ.